ವಾರಂಟಿಗೆ ಹಚ್ಚಿದ ತೆಂಗಿನೆಣ್ಣೆ

ಆ ಬೆಳಿಗ್ಗೆಯೂ ಎಂದಿನಂತೆಯೇ ಇತ್ತು. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕೊತಕೊತ ಎನ್ನುತ್ತಿತ್ತು. ಹಿಂದಿನ ದಿನ ಒತ್ತಿದ ಹಲಸಿನ ಹಪ್ಪಳವನ್ನು ಅಂಗಳದ ಚಾಪೆಯ ಮೇಲೆ ಹರವಿ, ಕಾಗೆ ಹೆದರಲಿ ಎಂದು ನಡುವೆ ಒಂದು ಕರಿ ಕೊಡೆ ಬಿಡಿಸಿಟ್ಟೆ. ಒಳಗೆ ಬಂದು ಲ್ಯಾಪ್‌ಟಾಪ್ ಆನ್ ಮಾಡಿದೆ. ಆಮೇಲೆ ತೆಂಗಿನಕಾಯಿ ತುರಿದೆ, ಚಟ್ನಿ ರುಬ್ಬಿದೆ, ಇವರಿಗೆ ಬಡಿಸಿದೆ. ತಿರುಗಿ ಬಂದು ನೋಡಿದರೆ ಪರದೆಯ ಮೇಲಿನ ಆ ಸಣ್ಣ ಬಳೆ ಇನ್ನೂ ತಿರುಗುತ್ತಲೇ ಇತ್ತು.

ಇವರು ಅಂದರೆ ನನ್ನ ಯಜಮಾನರು. ಕುಂದಾಪುರದಲ್ಲಿ ಪೈಂಟು, ಪೈಪು, ಮೊಳೆ, ಸಿಮೆಂಟು ಮಾರುವ ಅಂಗಡಿ ಇಟ್ಟಿದ್ದಾರೆ. ನಮ್ಮ ಮನೆ ತಲ್ಲೂರು. ಲ್ಯಾಪ್‌ಟಾಪ್ ತಂದದ್ದು ಅಂಗಡಿಯ ಲೆಕ್ಕಕ್ಕೆ. ಸಿಮೆಂಟಿನ ಧೂಳು ಕೂರುತ್ತದೆ ಎಂಬ ಕಾರಣಕ್ಕೆ ಅದು ಮನೆ ಸೇರಿತು, ನನಗೆ ಸಿಕ್ಕಿತು. ಅದರ ವಾರಂಟಿ ಕಾರ್ಡನ್ನು ಇವರು ನಮ್ಮಿಬ್ಬರ ಜಾತಕದ ಜೊತೆ ಕಪಾಟಿನಲ್ಲಿ ಇಟ್ಟಿದ್ದರು. ಜಾತಕವನ್ನು ಮದುವೆಯ ನಂತರ ತೆಗೆದು ನೋಡಿದವರಲ್ಲ. ವಾರಂಟಿ ಕಾರ್ಡನ್ನು ಮಾತ್ರ ಆಗಾಗ ತೆಗೆದು ನೋಡುತ್ತಿದ್ದರು.

ನೋಡಲು ಕಾರಣವೂ ಇತ್ತು. ಕಳೆದ ವಾರ ಪರದೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ ಮೂಡಿತ್ತು. ವಾರಂಟಿ ಇದ್ದರೆ ಕಂಪನಿಯವರು ಹೊಸ ಪರದೆಯನ್ನು ಪುಕ್ಕಟೆ ಹಾಕಿಕೊಡುತ್ತಾರೆ. ಇಲ್ಲದಿದ್ದರೆ ಆ ಖರ್ಚಿಗೆ ಇನ್ನೊಂದು ಲ್ಯಾಪ್‌ಟಾಪನ್ನೇ ತರುವುದು ಒಳ್ಳೆಯದಂತೆ.

"ಮೆಮೊರಿ ಒಂದ್ ಹಾಕ್ರೆ ಬೇಗ ಓಡತ್ತಂಬ್ರ್ ಕಾಣಿ," ಎಂದೆ ಗಂಜಿ ಬಡಿಸುತ್ತಾ.

"ನೀ ಅದ್ರ್ ಸುದ್ದಿಗ್ ಹೋಪುದ್ ಬ್ಯಾಡ. ಹಿಂದಿನ್ ಸ್ಟಿಕ್ಕರ್ ಹರ್ದ್ರೆ ವಾರಂಟಿ ಹೋಯ್ತ್ ಅಂದ್ ಅಂಗ್ಡಿಯವ್ರ್ ಹೇಳೇ ಕೊಟ್ಟಿದ್ರ್. ಮೊದ್ಲ್ ಗೆರೆ ಸರಿ ಆಯ್ಲಿ, ಮತ್ತ್ ಕಾಂಬ."

ಇವರ ಸ್ಕೂಟರಿನ ಸದ್ದು ಹೆದ್ದಾರಿಯಲ್ಲಿ ಕರಗಿತು. ನಾನು ಕಪಾಟಿನ ಸೀರೆಯ ಮಡಿಕೆಯಿಂದ ಒಂದು ಪುಟ್ಟ ಪೊಟ್ಟಣ ಹೊರತೆಗೆದೆ. ತವರಿಗೆ ಹೋದಾಗ ಬ್ರಹ್ಮಾವರದ ಕಂಪ್ಯೂಟರ್ ಅಂಗಡಿಯಲ್ಲಿ ಗುಟ್ಟಾಗಿ ಕೊಂಡ ಮೆಮೊರಿ ಅದು. ಹಸಿರು ಪಟ್ಟಿ, ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು. ನೋಡಲಿಕ್ಕೆ ಎಷ್ಟು ಚೆಂದ ಅಂತೀರಿ!

ಹರಿದರೆ ತಾನೇ ವಾರಂಟಿ ಹೋಗುವುದು? ಹರಿಯದಂತೆ ತೆಗೆದು, ಕೆಲಸ ಮುಗಿಸಿ, ಹಾಗೇ ಅಂಟಿಸಿದರೆ? ಸ್ಟಿಕ್ಕರಿಗೂ ಗೊತ್ತಾಗುವುದಿಲ್ಲ, ಕಂಪನಿಗೂ ಗೊತ್ತಾಗುವುದಿಲ್ಲ. ಇಂಥ ಸರಳ ಉಪಾಯ ಲೋಕದಲ್ಲಿ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೇ ಸೋಜಿಗವಾಯಿತು.

ಇಂಟರ್‌ನೆಟ್ಟಿನಲ್ಲಿ ಮೊದಲೇ ಓದಿಕೊಂಡಿದ್ದೆ. ಮೆಮೊರಿ ಮುಟ್ಟುವ ಮೊದಲು ಕಬ್ಬಿಣ ಏನಾದರೂ ಮುಟ್ಟಬೇಕು, ಮೈಯಲ್ಲಿರುವ ವಿದ್ಯುತ್ತು ಇಳಿದುಹೋಗುತ್ತದೆ ಎಂದಿತ್ತು. ನಾನು ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಅಲಗನ್ನು ಭಕ್ತಿಯಿಂದ ಮುಟ್ಟಿದೆ. ಲ್ಯಾಪ್‌ಟಾಪಿನ ಬ್ಯಾಟರಿ ತೆಗೆದು, ಯಂತ್ರವನ್ನು ಟವೆಲ್ಲಿನ ಮೇಲೆ ಮಗುವಿನ ಹಾಗೆ ಕವುಚಿ ಮಲಗಿಸಿದೆ. ಬೆನ್ನ ಮೇಲೆ ಬಿಳಿ ಸ್ಟಿಕ್ಕರ್. ಕರಿ ಕರಿ ಗೀಟು, ಅಡಿಯಲ್ಲಿ ಉದ್ದಕ್ಕೆ ಅಕ್ಷರ, ಅಂಕೆ. ಉಗುರಿನಿಂದ ಅಂಚು ಎಬ್ಬಿಸಲು ನೋಡಿದೆ. ಅಲುಗಲಿಲ್ಲ. ಇನ್ನೂ ಎಳೆದರೆ ಹರಿಯುವುದು ಖಂಡಿತ.

ಹಲಸಿನ ಕಾಲದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಅಂಟು ಎಂದರೆ ಹೆದರಿಕೆಯೇ ಇಲ್ಲ. ಕೈಗೆ ಮೇಣ ಹತ್ತಿತೇ, ತೆಂಗಿನೆಣ್ಣೆ. ಕತ್ತಿಗೆ ಹತ್ತಿತೇ, ತೆಂಗಿನೆಣ್ಣೆ. ಹಲಸಿನ ಮೇಣವನ್ನೇ ಬಿಡಿಸುವ ಎಣ್ಣೆಗೆ ಈ ಕಾಗದದ ಗೋಂದು ಯಾವ ಲೆಕ್ಕ? ಬೆರಳದ್ದಿ ಸುತ್ತಲೂ ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟೆ. ಮತ್ತೆ ಹಚ್ಚಿದೆ. ಸ್ಟಿಕ್ಕರ್ ಒಂದಿಷ್ಟೂ ಹರಿಯದೆ ದೋಸೆಯಂತೆ ಎದ್ದು ಬಂತು.

ಅದರ ಅಡಿಯಲ್ಲಿ ಏನೂ ಇರಲಿಲ್ಲ.

ಸ್ಕ್ರೂ ಇಲ್ಲ, ಮುಚ್ಚಳ ಇಲ್ಲ, ಸಂದಿಯೂ ಇಲ್ಲ. ಮುಚ್ಚಳ ಪಕ್ಕದಲ್ಲಿ ಬೇರೆಯೇ ಇತ್ತು. ಅದರ ಮೇಲೆ ಮೆಮೊರಿ ಪಟ್ಟಿಯದೇ ಚಿತ್ರವನ್ನು ಅಚ್ಚು ಒತ್ತಿದ್ದರು. ಒಂದೇ ಒಂದು ಸ್ಕ್ರೂ. ಒಂದು ಗಳಿಗೆ ಪೆಚ್ಚಾದೆ. ಆದರೆ ಉತ್ಸಾಹ ಬತ್ತಲಿಲ್ಲ. ಸ್ಕ್ರೂ ತೆಗೆದು, ಹೊಸ ಪಟ್ಟಿಯನ್ನು ಅದರ ಜಾಗದಲ್ಲಿ ಮೆತ್ತಗೆ ಕೂರಿಸಿದೆ. ಬಹಳ ಮೆತ್ತಗೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬಾಗಿಲು ಹಾಕುವುದನ್ನೂ ಸದ್ದಾಗದಂತೆ ಕಲಿಸಿದ್ದರು. ಯಾವ ವಸ್ತುವನ್ನೂ ಜೋರಾಗಿ ಒತ್ತಿ ನನಗೆ ಅಭ್ಯಾಸವಿಲ್ಲ.

ಇನ್ನು ಸ್ಟಿಕ್ಕರ್ ಅಂಟಿಸುವುದು. ಅದರ ಮೈಯೆಲ್ಲ ಎಣ್ಣೆಯಾಗಿ ಮಿರಿಮಿರಿ ಮಿಂಚುತ್ತಿತ್ತು. ಹಳೆಯ ಪಂಚೆಯ ತುಂಡಿನಿಂದ ಚೆನ್ನಾಗಿ ಒರೆಸಿದೆ. ಎಣ್ಣೆ ಹೋಯಿತು. ಅಕ್ಷರಗಳೂ ಹೋದವು! ಎಲ್ಲವೂ ಪಂಚೆಯ ತುಂಡಿನ ಮೇಲೆ ಕಾಡಿಗೆಯ ಹಾಗೆ ಮೆತ್ತಿಕೊಂಡಿದ್ದವು. ಉಳಿದದ್ದು ಒಂದು ಚೊಕ್ಕ ಬಿಳಿ ಚೀಟಿ.

ಅದನ್ನು ಹಪ್ಪಳದ ಪಕ್ಕ ಬಿಸಿಲಿಗಿಟ್ಟೆ, ಒಣಗಿದ ಮೇಲೆ ಅಕ್ಷರ ಕಾಣಬಹುದೇನೋ ಎಂಬ ಆಸೆಯಿಂದ. ಹಪ್ಪಳ ಒಣಗಿತು. ಅಕ್ಷರ ಕಾಣಲಿಲ್ಲ. ಸರಿ, ಹೋದದ್ದು ಹೋಯಿತು, ಲ್ಯಾಪ್‌ಟಾಪ್ ಎಷ್ಟು ಬೇಗ ಓಡುತ್ತದೋ ನೋಡಿ ಸಮಾಧಾನ ಪಡೋಣ ಎಂದು ಬ್ಯಾಟರಿ ಹಾಕಿ ಆನ್ ಮಾಡಿದೆ. ಪರದೆ ಪೂರಾ ಕಪ್ಪು. ಒಳಗಿನಿಂದ ಪೀಂ, ಪೀಂ, ಪೀಂ ಎಂದು ಕೂಗು. ಹಸಿರು ಗೆರೆಯ ಸುಳಿವೂ ಇಲ್ಲ. ಒಂದು ಲೆಕ್ಕದಲ್ಲಿ ದೋಷ ನಿವಾರಣೆಯಾಗಿತ್ತು.

ಸಂಜೆ ಇವರು ಹೊತ್ತಿಗೆ ಮೊದಲೇ ಬಂದರು. ಕೈಯಲ್ಲಿ ಆಗಲೇ ಮೊಬೈಲು.

"ಕಾರ್ಡ್ ತಕಂಡ್ ಬಾ. ಇವತ್ತ್ ವಾರಂಟಿ ಕಡೀ ದಿನ. ಆರ್ ಗಂಟಿ ಒಳಗ್ ಗೆರೆ ವಿಷ್ಯ ಬರ್ಸುವ."

ನಾನು ಕಾರ್ಡ್ ತಂದುಕೊಟ್ಟೆ; ಅದರಲ್ಲಿ ಇದ್ದದ್ದು ತಾರೀಕು ಮತ್ತು ಕಂಪನಿಯ ಫೋನ್ ನಂಬರ್ ಮಾತ್ರ. ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರಿನಲ್ಲಿ ಕಂಪನಿಯ ಬೆಂಗಳೂರಿನವರೊಬ್ಬರ ನಯವಾದ ದನಿ ಮೊಳಗಿತು. "ನಮಸ್ಕಾರ ಸರ್. ನಿಮ್ಮ ಲ್ಯಾಪ್‌ಟಾಪ್ ಕೆಳಗಡೆ ಒಂದು ಬಿಳಿ ಸ್ಟಿಕ್ಕರ್ ಇರುತ್ತೆ. ಅದರಲ್ಲಿರೋ ಸೀರಿಯಲ್ ನಂಬರ್ ಹೇಳ್ತೀರಾ?"

ಇವರು ಲ್ಯಾಪ್‌ಟಾಪ್ ಕವುಚಿದರು. ನಾನು ಸೆರಗಿನ ಮರೆಯಿಂದ ಬಿಳಿ ಚೀಟಿ ತೆಗೆದುಕೊಟ್ಟೆ.

"ಎಂತ ಇದ್?"

"ಸ್ಟಿಕ್ಕರ್. ಹರೀಲಿಲ್ಲೆ ಕಾಣಿ," ಎಂದೆ.

ಇವರು ಚೀಟಿಯ ಹಿಂದೆ ಮುಂದೆ ನೋಡಿದರು. ಮೂಸಿದರು. "ತೆಂಗಿನೆಣ್ಣೆ?"

ಫೋನಿನವರ ಎದುರೇ ಎಲ್ಲವನ್ನೂ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿದರು. "ಮೆಮೊರಿ ನೀವೇ ಹಾಕ್ಕೊಂಡ್ರೆ ವಾರಂಟಿಗೆ ಏನೂ ಆಗಲ್ಲ ಮೇಡಂ. ಆ ಮುಚ್ಚಳ ಕೊಟ್ಟಿರೋದೇ ಅದಕ್ಕೆ. ಆದ್ರೆ ನಂಬರ್ ಇಲ್ದೆ ಕಂಪ್ಲೇಂಟ್ ತಗೊಳ್ಳೋಕಾಗಲ್ಲ. ಆನ್ ಮಾಡಿ, ಸೆಟ್ಟಿಂಗ್ಸ್ ಒಳಗೂ ನಂಬರ್ ಸಿಗುತ್ತೆ."

ಆನ್ ಮಾಡಿದೆವು. ಪೀಂ, ಪೀಂ, ಪೀಂ.

"ಪರವಾಗಿಲ್ಲ, ಅದು ಬಂದ ಬಾಕ್ಸ್ ಮೇಲೂ ನಂಬರ್ ಇರುತ್ತೆ. ಬಾಕ್ಸ್ ಇದ್ಯಾ?"

ಇವರು ನನ್ನ ಮುಖ ನೋಡಿದರು. ನಾನು ಬೇಲಿಯಾಚೆ ನೋಡಿದೆ. ಮನೆ ಗುಡಿಸುವಾಗ ಆ ಬಾಕ್ಸನ್ನು ಪಕ್ಕದ ಮನೆಯ ಗುಲಾಬಿಯಕ್ಕನಿಗೆ ಕೊಟ್ಟಿದ್ದೆ. ಅವರು ಅದರಲ್ಲಿ ಭತ್ತದ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸಿದ್ದರು.

"ಲೈನಲ್ಲೇ ಇರಿ," ಎಂದು ಫೋನಿಗೆ ಹೇಳಿ ಇಬ್ಬರೂ ಬೇಲಿ ದಾಟಿದೆವು.

"ಹ್ವಾಯ್, ಗುಲಾಬಿಯಕ್ಕ, ಬಾಕ್ಸ್ ಒಂದ್ಸಲ ಕೊಡಿ, ಜೀವ ಉಳ್ಸಿ," ಎಂದರು ಇವರು.

"ಅಯ್ಯೋ, ಕಾವಿಗ್ ಕೂಕಂಡಿತಲೆ ಮಾರಾಯ್ರೆ. ಈಗ ಮುಟ್ಟುಕಾಗ."

"ಮುಟ್ಟುದಿಲ್ಲೆ. ಓದುದ್ ಮಾತ್ರ."

ಬಚ್ಚಲಿನ ಮೂಲೆಯಲ್ಲಿ ಬಾಕ್ಸಿತ್ತು. ನಂಬರಿನ ಚೀಟಿ ಇದ್ದದ್ದು ಗೋಡೆಯ ಬದಿಗೆ. ನಾನು ಮೆತ್ತಗೆ, ನನ್ನ ಅಭ್ಯಾಸದಂತೆ ಬಹಳ ಮೆತ್ತಗೆ, ಬಾಕ್ಸನ್ನು ತಿರುಗಿಸಿದೆ. ಕೋಳಿಗೆ ಕಾನ್ವೆಂಟಿನ ಶಿಸ್ತು ತಿಳಿದಿರಲಿಲ್ಲ. ನನ್ನ ಮುಂಗೈಗೆ ಕುಕ್ಕಿ, ಇವರ ಹೆಗಲ ಮೇಲೆ ಹಾರಿ, ಅಲ್ಲಿಂದ ಇಡೀ ತಲ್ಲೂರಿಗೆ ಕೇಳುವಂತೆ ಕೂಗಿತು.

"ಮೇಡಂ, ಅದೇನು ಸೌಂಡು?"

"ನಂಬರ್ ಬರ್ಕೊಳ್ಳಿ," ಎಂದೆ ನಾನು ನೆಲದ ಮೇಲೆ ಮಂಡಿಯೂರಿ. ಇವರು ಟಾರ್ಚ್ ಹಿಡಿದರು. ನಾನು ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಒಂದೊಂದೇ ಅಕ್ಷರ ಓದಿದೆ. ಆರು ಹೊಡೆಯುವುದರೊಳಗೆ ಕಂಪ್ಲೇಂಟ್ ದಾಖಲಾಯಿತು. ಪರದೆ ಬದಲಿಸಲು ಜನ ಬರುತ್ತಾರೆ ಎಂದರು. ಸಂತೋಷದಲ್ಲಿ ಆ ಕೋಳಿಗೂ ಕೈಮುಗಿಯೋಣ ಎಂದು ತಿರುಗಿದೆ. ಅದು ಆಗಲೇ ಬಚ್ಚಲಿನ ಹೊರಗೆ ಹೋಗಿತ್ತು.

ಫೋನ್ ಇಡುವ ಮೊದಲು ಆ ಪುಣ್ಯಾತ್ಮರು ಇನ್ನೊಂದು ಮಾತು ಹೇಳಿದರು. "ಪೀಂ ಅಂತಿದ್ರೆ ಮೆಮೊರಿ ಸರಿಯಾಗಿ ಕೂತಿಲ್ಲ. ಜೋರಾಗಿ ಒತ್ತಿ, ಟಕ್ ಅನ್ಬೇಕು."

ಮನೆಗೆ ಬಂದು ಇವರು ಪೈಪು ಬಿಗಿದು ಬಿಗಿದು ಗಟ್ಟಿಯಾದ ಹೆಬ್ಬೆರಳಿಂದ ಒಮ್ಮೆ ಒತ್ತಿದರು. ಟಕ್. ಲ್ಯಾಪ್‌ಟಾಪ್ ಆನ್ ಮಾಡಿದರೆ, ನಾನು ಸೊಂಟಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ತೆರೆದುಕೊಂಡಿತು! ಫೋನಿನವರು ಹೇಳಿದ್ದ ಜಾಗದಲ್ಲಿ ಇವರು ಹುಡುಕಿದರು. ಸೀರಿಯಲ್ ನಂಬರ್ ದೊಡ್ಡ ಅಕ್ಷರದಲ್ಲಿ, ಹಸಿರು ಗೆರೆಯ ಪಕ್ಕವೇ, ಅಚ್ಚುಕಟ್ಟಾಗಿ ಕೂತಿತ್ತು. ಆ ಒಂದು ಟಕ್ ಬೆಳಿಗ್ಗೆ ನಾನೇ ಮಾಡಿದ್ದರೆ ಬೇಲಿ ದಾಟುವ ಅಗತ್ಯವೇ ಇರಲಿಲ್ಲ.

ಇವರು ಹೆಗಲ ಮೇಲಿನ ಒಂದು ಗರಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

ಆದರೂ ವಾರಂಟಿ ಉಳಿಯಿತಲ್ಲ ಎಂದು ನಾನು ಎಲೆ ಅಡಿಕೆ ತಟ್ಟೆ ಹಿಡಿದು ಜಗಲಿಗೆ ಬಂದೆ. ಗುಲಾಬಿಯಕ್ಕ ಬೇಲಿಯ ಬಳಿ ನಿಂತಿದ್ದರು, ಸೆರಗಿನಲ್ಲಿ ಮೊಟ್ಟೆಗಳನ್ನು ಕಟ್ಟಿಕೊಂಡು. ಕೋಳಿ ಹೊಂಗೆ ಮರ ಹತ್ತಿ ಕೂತದ್ದು ಇಳಿಯಲು ಒಪ್ಪುತ್ತಿಲ್ಲವಂತೆ.

"ಎಂತಾಯ್ತ್, ನಿಮ್ ಕೆಲ್ಸ ಆಯ್ತಾ?" ಎಂದು ಕೇಳಿದರು.

"ಆಯ್ತ್ ಗುಲಾಬಿಯಕ್ಕ, ವಾರಂಟಿ ಸಿಕ್ತ್," ಎಂದೆ.

"ಒಳ್ಳೇದಾಯ್ತ್," ಎಂದರು ಅವರು ಮೊಟ್ಟೆಯೊಂದನ್ನು ಕಿವಿಯ ಬಳಿ ಅಲುಗಿಸಿ ನೋಡುತ್ತಾ. "ಇದಕ್ಕ್ ಯಾರ್ ಕೊಡ್ತ್ರ್?"