ರಂಗರಾಜುವಿನ ಹೆಬ್ಬೆಟ್ಟು

ರಂಗರಾಜುವಿಗೆ ಬೇಕಾಗಿದ್ದುದು ಒಂದೇ ಒಂದು ದಿನದ ರಜೆ. ಅಂದು ಮಧ್ಯಾಹ್ನ ಉಮ್ಮತ್ತೂರಿನ ಮಾವನ ಮನೆಯಲ್ಲಿ ನಾದಿನಿಯ ಮದುವೆಯ ಬೀಗರ ಊಟ. ಮುದ್ದೆ, ಮರಿ ಸಾರು, ಬೋಟಿ ಗೊಜ್ಜು. ನೆನೆದರೇ ಅವನ ಬಾಯಲ್ಲಿ ನೀರೂರುತ್ತಿತ್ತು.

ಆದರೆ ಅವನು ದುಡಿಯುವ ಬದನಗುಪ್ಪೆಯ ಕಾರ್ಖಾನೆಯಲ್ಲಿ ತಯಾರಾಗುವುದು ಎಕ್ಸ್‌ರೇ ಯಂತ್ರದ ಕೈ ಸ್ವಿಚ್ಚು. ಆರ್ಡರ್ ಮೇಲೆ ಆರ್ಡರ್ ಬಂದು ಕೂತಿತ್ತು. ರಜೆಯ ಮಾತೆತ್ತಿದರೆ ಸೂಪರ್‌ವೈಸರ್ ದೊರೆಸ್ವಾಮಿ ಉರಿದುಬೀಳುತ್ತಿದ್ದರು. ಹಾಗಾಗಿ ರಂಗರಾಜು ಬೆಳಿಗ್ಗೆಯೇ ಬಲಗೈ ಹೆಬ್ಬೆಟ್ಟು ಹಿಡಿದುಕೊಂಡು ಮುಖ ಕಿವುಚಿದ.

“ಜಾರಿ ಬಿದ್ಬುಟ್ಟೆ ಸಾ. ಬುಡದಲ್ಲೇ ನೋವು. ಮನೆಗೋಯ್ತೀನಿ.”

“ಅಂಗಾ? ಗಾಡಿ ಅತ್ತು ಕಣ್ಲಾ. ಎಕ್ಸ್‌ರೇ ತೆಗ್ಸೇ ಬುಡನ,” ಎಂದರು ದೊರೆಸ್ವಾಮಿ.

ಚಾಮರಾಜನಗರದ ಕ್ಲಿನಿಕ್ಕು ಬರುವವರೆಗೂ ರಂಗರಾಜು ದಾರಿಯಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊತ್ತ. ಯಾವುದೋ ದೇವರು ಕೇಳಿಸಿಕೊಂಡಿರಬೇಕು, ಅಲ್ಲಿ ಯಂತ್ರವೇ ಕೆಟ್ಟಿತ್ತು.

“ಈ ಕೈ ಸ್ವಿಚ್ಚಿನ ಗುಂಡಿ ಅರ್ಧ ಒತ್ತಿದ್ರೆ ಯಂತ್ರ ಸಿದ್ಧವಾಗ್ತದೆ. ಪೂರ್ತಿ ಒತ್ತಿದ್ರೆ ಚಿತ್ರ ಬರಬೇಕು, ಬರ್ತಾ ಇಲ್ಲ,” ಎಂದರು ಡಾಕ್ಟರ್ ಕಾವ್ಯಶ್ರೀ.

ಬೆಂಚಿನ ಮೇಲೆ ಚಂದಕವಾಡಿಯ ಮುದುಕಿ ಪುಟ್ಟಮಾದಮ್ಮ ಕೂತಿದ್ದಳು. ಮಣಿಕಟ್ಟು ಬನ್ನಿನಂತೆ ಊದಿತ್ತು. “ಬ್ಯಾರೆ ಕಡೀಕ್ ಓಗು ಅಂತಾರೆ ಕಣಪ್ಪ. ಇನ್ನೊಂದ್ಸಲ ಆಟೋ ಅತ್ತೋ ಸಕ್ತಿ ನಂಗಿಲ್ಲ,” ಎಂದು ಕಣ್ಣೊರೆಸಿಕೊಂಡಳು.

ಕಾಯುತ್ತಿದ್ದವರೆಲ್ಲ ರಿಪೇರಿಗೆ ಇಳಿದಿದ್ದರು. ಒಬ್ಬ ಸುರುಳಿ ವೈರನ್ನು ಜಗ್ಗಿದ. ಇನ್ನೊಬ್ಬ ಪ್ಲಗ್ಗು ಕಿತ್ತು ಊದಿದ. ಮತ್ತೊಬ್ಬ ಟಿವಿ ರಿಮೋಟ್ ಎಂದುಕೊಂಡನೋ ಏನೋ, ಸ್ವಿಚ್ಚನ್ನು ತೊಡೆಗೆ ಬಡಿದ. ಅದು ತಮ್ಮ ಕಾರ್ಖಾನೆಯದೇ ಸ್ವಿಚ್ಚು; ರಂಗರಾಜುವಿಗೆ ತಡೆಯಲಾಗಲಿಲ್ಲ. ಅದನ್ನು ಕಿತ್ತುಕೊಂಡು, ದೊರೆಸ್ವಾಮಿ ಗಾಡಿಯಿಂದ ತಂದುಕೊಟ್ಟ ಸ್ಕ್ರೂಡ್ರೈವರಿನಿಂದ ಹಿಡಿಯನ್ನು ಬಿಚ್ಚಿದ. ಮೇಲೆ ಗುಂಡಿ, ಕೆಳಗೆ ಸ್ಪ್ರಿಂಗು, ಅದರಡಿ ಒಂದಾದ ಮೇಲೊಂದು ಕೂಡಬೇಕಾದ ಎರಡು ಜೊತೆ ಲೋಹದ ಎಸಳುಗಳು. ಎರಡನೆಯ ಜೊತೆ ಬಾಗಿ ದೂರ ಸರಿದಿತ್ತು. ಹೆಬ್ಬೆಟ್ಟಿನ ಉಗುರಿನಿಂದ ನೆಟ್ಟಗೆ ಮಾಡಿ ಮುಚ್ಚಿದ.

ಯಂತ್ರ ಕೆಲಸ ಮಾಡಿತು. ಪುಟ್ಟಮಾದಮ್ಮನ ಮೂಳೆ ಮುರಿದಿದ್ದು ಕಂಡು, ಡಾಕ್ಟರು ಕೂಡಿಸಿ ಕಟ್ಟಿದರು. ಮುದುಕಿ ಇನ್ನೊಂದು ಕೈಯನ್ನು ರಂಗರಾಜುವಿನ ತಲೆಯ ಮೇಲಿಟ್ಟಳು.

“ನಿನ್ ಕೈ ತಣ್ಣಗಿರ್ಲಿ ಕಣ್ ಮಗ.”

ರಂಗರಾಜುವಿಗೆ ಒಂದು ಗಳಿಗೆ ಮರಿ ಸಾರು ಕೂಡ ಮರೆತುಹೋಯಿತು. ಹೆಬ್ಬೆಟ್ಟಿನ ನೋವು ಮರೆತದ್ದು ಆಮೇಲೆ ನೆನಪಾಗಿ, ಗಾಬರಿಯಿಂದ ನರಳಿದ.

“ಇಷ್ಟು ನೋವಲ್ಲೂ ಮಾಡಿಕೊಟ್ರಲ್ಲ,” ಎಂದ ಡಾಕ್ಟರು ಅವನ ಕೈಯ ಎಕ್ಸ್‌ರೇಯನ್ನೂ ತೆಗೆದರು. ಏನೂ ಕಾಣಲಿಲ್ಲ. ರಂಗರಾಜು ಇನ್ನೂ ಜೋರಾಗಿ ನರಳಿದ.

“ಹೆಬ್ಬೆಟ್ಟಿನ ಬುಡದ ಬಿರುಕು ಮೊದಲ ಸಲ ಕಾಣದೇ ಇರಬಹುದು. ಇಂಥ ಕೈಯನ್ನ ನಾನು ಉದಾಸೀನ ಮಾಡಲ್ಲ,” ಎಂದು ಅವರು ಬೆರಳ ತುದಿಯಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಯೇಬಿಟ್ಟರು. ಬೇಡ ಎನ್ನಲು ಬಾಯಿ ತೆರೆದ ರಂಗರಾಜು, ಪಕ್ಕದಲ್ಲಿದ್ದ ದೊರೆಸ್ವಾಮಿಯನ್ನು ನೋಡಿ ಮುಚ್ಚಿಕೊಂಡ.

ದೊರೆಸ್ವಾಮಿಯ ಕಣ್ಣು ಒದ್ದೆಯಾಗಿತ್ತು. “ಕಾರ್ಖಾನೆ ಮಾನ ಉಳಿಸ್ಬುಟ್ಟೆ ಕಣ್ಲಾ. ವಾಸಿ ಆಗೋಗಂಟ ರಜಾ ತಕೊ. ಎಲ್ಲಿಗ್ ಬುಡ್ಲಿ ಏಳು.”

“ಉಮ್ಮತ್ತೂರ್ಗೆ ಸಾ. ಮಾವನ್ ಮನೇಲಿ ನೋಡ್ಕತಾರೆ.”

ಮಾವ ಇಬ್ಬರನ್ನೂ ಪಂಕ್ತಿಯಲ್ಲಿ ಕೂರಿಸಿದರು. ಬಿಸಿ ಮುದ್ದೆ ಬಿತ್ತು, ಮರಿ ಸಾರು ಬಿತ್ತು. ರಂಗರಾಜುವಿನ ಬಲಗೈ ಎಲೆಯ ಪಕ್ಕದಲ್ಲಿ ಗಾರೆ ಕಂಬದಂತೆ ಬಿದ್ದಿತ್ತು. ಹೊಸ ಬೀಗರ ಎದುರು ಹಿರಿಯಳಿಯ ಎಡಗೈಯಲ್ಲಿ ಉಣ್ಣುವುದುಂಟೆ? ಮಾವನೇ ಮರುಗಿ, ಅವನಿಗೊಂದು ಲೋಟ ಮಜ್ಜಿಗೆ ತರಿಸಿಕೊಟ್ಟರು.

“ನಿನ್ ದಯದಿಂದ ಇಂತಾ ಊಟ ಸಿಕ್ತು ಕಣ್ಲಾ ರಂಗ. ಈ ಋಣ ಮರಿಯಕ್ಕಿಲ್ಲ,” ಎಂದ ದೊರೆಸ್ವಾಮಿ, ಸುಮ್ಮನೆ ಆರಿಹೋಗುತ್ತದಲ್ಲ ಎಂದು ಅವನ ಎಲೆಯ ಮುದ್ದೆಯನ್ನೂ ತಮ್ಮ ಎಲೆಗೆ ಎತ್ತಿಕೊಂಡರು.