ನಮ್ಮ ಮನೆಗೆ ಪಾನಾ ಬಂದದ್ದು

ಗ್ಯಾರೇಜಿನವರನ್ನು ಕಟ್ಟಿಕೊಂಡರೆ ಸೀರೆಗೆ ಆಯಿಲ್ ಕಲೆ ತಪ್ಪಿದ್ದಲ್ಲ ಎಂದು ಮದುವೆಗೆ ಮುಂಚೆ ಎಲ್ಲರೂ ಹೇಳಿದ್ದರು. ನಗುವ ಪ್ರಸಂಗಗಳೂ ತಪ್ಪಿದ್ದಲ್ಲ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ನನ್ನ ತವರು ಹಗರಿಬೊಮ್ಮನಹಳ್ಳಿ. ತೊಂಬತ್ತರ ದಶಕದ ಕೊನೆಗೆ ಮದುವೆಯಾಗಿ ಕೊಟ್ಟೂರಿಗೆ ಬಂದೆ. ನಮ್ಮ ಮನೆಯವರು ಹರಪನಹಳ್ಳಿಯ ಒಂದು ಮೊಪೆಡ್ ಗ್ಯಾರೇಜಿನಲ್ಲಿ ಬಹಳ ವರ್ಷ ದುಡಿದು, ಇನ್ನು ಸ್ವಂತದ್ದು ಮಾಡೋಣವೆಂದು ಮನೆಯ ಮುಂದೆ ತಗಡಿನ ಚಪ್ಪರ ಹಾಕಿದ್ದರು. ಕೈಯಲ್ಲಿ ವಿದ್ಯೆ ಇತ್ತು. ಕೈಗೆ ಹಿಡಿಯಲು ಪಾನಾ ಇರಲಿಲ್ಲ. ನಟ್ಟು ಬೋಲ್ಟು ಬಿಚ್ಚುವ ಸ್ಪ್ಯಾನರಿಗೆ ನಮ್ಮ ಕಡೆ ಪಾನಾ ಅನ್ನುತ್ತಾರೆ. ಅಷ್ಟು ವರ್ಷ ಹಿಡಿದ ಪಾನಾಗಳೆಲ್ಲ ಹಳೆಯ ಮಾಲೀಕರವು, ಅವು ಅಲ್ಲೇ ಉಳಿದಿದ್ದವು.

ಸೆಟ್ಟು

ಒಂದು ಬೆಳಿಗ್ಗೆ ಇವರು ರೊಟ್ಟಿ ಮುರಿಯುತ್ತಾ, "ಮದುವ್ಯಾಗ ಮುಯ್ಯಿ ಬಂದ ರೊಕ್ಕ ಸ್ವಲ್ಪ ಐತಿ. ಹರಪನಹಳ್ಳಿಗೆ ಹೋಗಿ ಒಂದು ಸೆಟ್ ತರಾಣ. ನೀನೂ ಬಾ" ಅಂದರು.

ಸೆಟ್ ಅಂದರೆ ನಮ್ಮ ಹೆಂಗಸರಿಗೆ ಒಂದೇ ಅರ್ಥ. ಕೊರಳಿಗೊಂದು ಸರ, ಕಿವಿಗೆ ಅದೇ ನಮೂನೆಯ ಓಲೆ. ಬಂಗಾರದ್ದು ಅಲ್ಲದಿದ್ದರೆ ಬಂಗಾರದ ನೀರು ಕುಡಿಸಿದ್ದಾದರೂ ಆದೀತು ಎಂದುಕೊಂಡು ಮದುವೆಯ ಸೀರೆ ಉಟ್ಟೆ. ಪಕ್ಕದ ಮನೆಯಾಕೆಗೂ ಹೇಳಿಯೇ ಹೊರಟೆ. ಬಸ್ಸಿನಲ್ಲಿ ಇವರು, "ಬರೇ ಹೊಳಪು ನೋಡಿ ತಗೋಬಾರದು. ತೂಕ ಇರಬೇಕು, ಗ್ಯಾರಂಟಿ ಇರಬೇಕು" ಅಂದರು. ಗಂಡಸರಿಗೂ ಇಷ್ಟು ತಿಳಿಯುತ್ತದಲ್ಲ ಎಂದು ನನಗೆ ಹೆಮ್ಮೆಯೆನಿಸಿ, "ಹೌದ್ರಿ, ನಾಕು ಕಾಲ ಬಾಳಿಕಿ ಬರಬೇಕು" ಅಂದೆ.

ಇಳಿದು ನೇರ ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋದರು. ಏನೋ ಮೊಳೆ ಗಿಳೆ ಬೇಕಿರಬೇಕು, ಅದು ಮುಗಿಸಿ ಆಮೇಲೆ ಸರದ ಅಂಗಡಿಗೆ ಎಂದು ಸುಮ್ಮನೆ ನಿಂತೆ. ಅಂಗಡಿಯವರು ಒಂದು ಕೆಂಪು ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ಒಳಗೆ ಚಿಕ್ಕದರಿಂದ ದೊಡ್ಡದರವರೆಗೆ ಪಾನಾಗಳು ಸಾಲಾಗಿ ಮಲಗಿದ್ದವು. ನಮ್ಮವರು ಒಂದೊಂದನ್ನೂ ತೊಟ್ಟಿಲ ಕೂಸನ್ನು ಮುಟ್ಟಿದ ಹಾಗೆ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಹೆಂಗೈತಿ ಸೆಟ್ಟು?" ಅಂದರು.

ನಾನು ಮೆಲ್ಲಗೆ ಕೇಳಿದೆ: "ಇದರಾಗ ಕಿವಿಗೆ ಹಾಕ್ಕೊಳ್ಳೋದು ಯಾವುದ್ರಿ?"

ಅವರು ನನ್ನ ಮುಖ ನೋಡಿದರು. ಮದುವೆಯ ಸೀರೆ ನೋಡಿದರು. ಎಲ್ಲ ತಿಳಿದು, ಡಬ್ಬಿಯ ಮುಚ್ಚಳ ಹಾಕಿ, "ತಪ್ಪಾತು. ನಡಿ, ಮೊದಲು ನಿನ್ನ ಸೆಟ್ಟೇ ನೋಡಾಣ" ಅಂದರು. ಬಾಯಿ ಹಾಗೆ ಹೇಳುತ್ತಿತ್ತು, ಕೈ ಮಾತ್ರ ಡಬ್ಬಿಯ ಮೇಲೆಯೇ ಇತ್ತು. ಆ ಕೈ ನೋಡಿ ನನಗೆ ಸರದ ಆಸೆ ಹೋಯಿತು. "ಬ್ಯಾಡ್ರಿ, ಇದನ್ನೇ ತಗೋರಿ" ಅಂದೆ.

ಬೆಲೆ ಕೇಳಿ ಇವರು ಜೇಬಿನ ನೋಟುಗಳನ್ನು ಎರಡೆರಡು ಸಲ ಎಣಿಸಿದರು. ಅಂಗಡಿಯವರು ನಮ್ಮ ಮುಖ ನೋಡಿ, "ಇರಲಿ ಬಿಡ್ರಿ, ಬಿಡಿ ಪಾನಾನೂ ಐತೆ. ಸದ್ಯಕ್ಕೆ ಬೇಕಾದಷ್ಟು ತಗಂಡು ಹೋಗ್ರಿ" ಅಂದರು. ಮೂರು ಪಾನಾ, ಒಂದು ಸ್ಕ್ರೂಡ್ರೈವರ್ ಪೇಪರಿನಲ್ಲಿ ಸುತ್ತಿಸಿಕೊಂಡು ಬಂದೆವು.

ಪಕ್ಕದ ಮನೆಯಾಕೆ ಕಟ್ಟೆಯ ಮೇಲೆಯೇ ಕಾದು ಕೂತಿದ್ದಳು. "ಎಲ್ಲೈತಿ ತೋರಿಸವ್ವ ಸೆಟ್ಟು" ಅಂದಳು. ನಾನು ಪೇಪರು ಬಿಚ್ಚಿದೆ. ಆಕೆ ಬಹಳ ಹೊತ್ತು ನೋಡಿ, ನನಗೆ ಬೇಜಾರಾಗಬಾರದೆಂದು ಹೇಳಿದಳು: "ಚಲೋ ಅದಾವ. ಆದ್ರ ಕೊಳ್ಳಾಗ ಸ್ವಲ್ಪ ಭಾರ ಆಗಬೌದು."

ಕೊಸರು

ಉಳಿದ ಪಾನಾಗಳನ್ನು ಸಂತೆಯಲ್ಲಿ ಹಳೆಯವು ನೋಡಿ ತರುವುದೆಂದು ತೀರ್ಮಾನವಾಯಿತು. ಹಳೆ ಕಬ್ಬಿಣದವನೊಬ್ಬ ಚೀಲ ಹಾಸಿ ನಟ್ಟು, ಸರಪಳಿ, ಪಾನಾ ಎಲ್ಲ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ. ನಮ್ಮವರಿಗೆ ಚೌಕಾಸಿ ಬಾರದು. ಕೇಳಿದಷ್ಟು ಕೊಟ್ಟು, ಮೇಲೆ ನಮಸ್ಕಾರವನ್ನೂ ಮಾಡಿ ಬರುವ ಮನುಷ್ಯ. ಅದಕ್ಕೆ ನಮ್ಮ ಅತ್ತೆ, "ನಾ ಬರ್ತೀನಿ ನಡಿ" ಎಂದು ಚೀಲ ಹಿಡಿದು ಹೊರಟರು.

ಅತ್ತೆಗೆ ಪಾನಾ ಗೊತ್ತಿರಲಿಲ್ಲ, ಸಂತೆ ಗೊತ್ತಿತ್ತು. ಗುಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ಹೊರಳಿಸಿ ನೋಡಿದರು, ಉಗುರಿನಿಂದ ಗೀರಿದರು. ಮಗ ಇದು ಬೇಕು ಎಂದು ಎತ್ತಿದ್ದನ್ನು ಕಸಿದು, "ಇದು ಹುಳುಕು" ಎಂದು ಆಚೆ ಎಸೆದರು. ನಿಜಕ್ಕೂ ಅದರ ಬಾಯಿ ಸವೆದಿತ್ತು. ಕೊನೆಗೆ ಒಂದಷ್ಟು ಆರಿಸಿ, ಬೆಲೆಯನ್ನು ಜಗ್ಗಾಡಿ ಇಳಿಸಿ, ಚೀಲ ಅಗಲಿಸಿ ಹಿಡಿದು, "ಕೊಸರು ಹಾಕಪ್ಪ" ಅಂದರು.

ಅವನು ಕಂಗಾಲಾದ. "ಅವ್ವ, ಕೊಸರು ಕೇಳಾಕ ಇವು ಬದನಿಕಾಯಿ ಅಲ್ಲ."

"ಬದನಿಕಾಯಿ ಆಗಿದ್ರ ಸಂಜೀಗೆ ಬಾಡತಾವ ಅಂತ ನೀನ ಕರದು ಹಾಕ್ತಿದ್ದಿ. ಇವು ಬಾಡಂಗಿಲ್ಲ ಅಂತ ಧಿಮಾಕು ಮಾಡ್ತಿ. ಹಾಕು."

ಅವನು ಒಂದು ಸುತ್ತಿಗೆ ಹಾಕಿದ. ಮುಂದಿನ ಸಂತೆಗೆ ಅತ್ತೆ ದೂರದಲ್ಲಿ ಕಂಡದ್ದೇ ತಡ, ಅವನು ಇದ್ದ ಪಾನಾಗಳ ಮೇಲೆಲ್ಲ ಚೀಲ ಮುಚ್ಚಿ, "ಇವತ್ತು ಬರೇ ಸರಪಳಿ ಐತಿ ಯವ್ವಾ" ಅಂದನಂತೆ.

ಹಾಲು ಉಕ್ಕುವ ಹೊತ್ತು

ಇಷ್ಟಾದರೂ ಇಕ್ಕಳ ಸಿಕ್ಕಿರಲಿಲ್ಲ. ಹಾಗಾಗಿ ಅಡುಗೆಮನೆಯ ಇಕ್ಕಳವೇ ಎರಡೂ ಕಡೆ ನಡೆಯಬೇಕಿತ್ತು. ಒಲೆಯ ಮೇಲಿನ ಪಾತ್ರೆ ಇಳಿಸಲೂ ಅದೇ, ಚಪ್ಪರದಲ್ಲಿ ಬ್ರೇಕಿನ ಸ್ಪ್ರಿಂಗ್ ಎಳೆಯಲೂ ಅದೇ. ನಾನು ಬೂದಿ ಹಾಕಿ ತಿಕ್ಕಿ ತಿಕ್ಕಿ ಅದು ಬೆಳ್ಳಿಯಂತಾಗಿತ್ತು.

ನಮ್ಮ ಮೊದಲ ಗಿರಾಕಿ ಒಬ್ಬರು ನಿವೃತ್ತ ಮೇಷ್ಟ್ರು. ಹಳೆಯ ಮೊಪೆಡ್ಡು, ಹೊಸ ಸಂಶಯಗಳು. ಒಂದು ದಿನ ಅವರ ಗಾಡಿ ಬಿಚ್ಚಿಟ್ಟು ಇವರು ಹೊರಗಿನಿಂದ ಇಕ್ಕಳ ಕೇಳಿದರು. "ತಡೀರಿ, ಹಾಲು ಕಾಯಾಕತ್ಯಾವು" ಅಂದೆ. ಸ್ವಲ್ಪ ಹೊತ್ತಾಯಿತು. ಮೇಷ್ಟ್ರು ತಾವೇ ಬಾಗಿಲಿಗೆ ಬಂದು, ಪರೀಕ್ಷೆಯ ಫಲಿತಾಂಶ ಕೇಳುವವರಂತೆ, "ತಂಗೀ, ಹಾಲು ಉಕ್ಕಿದ್ವೇನವ್ವ?" ಅಂದರು. ಹಾಲು ಇಳಿದ ಮೇಲೆ ಗಾಡಿಯೇನೋ ರಿಪೇರಿಯಾಯಿತು, ನಮ್ಮವರು ಮಾತ್ರ ನಾಚಿ ಎರಡು ದಿನ ತಲೆ ಎತ್ತಲಿಲ್ಲ. ಇನ್ನು ಮೇಷ್ಟ್ರು ಬರುವುದಿಲ್ಲ, ಬೇರೆ ಗ್ಯಾರೇಜಿಗೆ ಹೋಗುತ್ತಾರೆ ಎಂದು ನನಗೂ ಸಂಕಟ.

ಮೂರನೆಯ ದಿನ ಮೇಷ್ಟ್ರು ಮತ್ತೆ ಗಾಡಿ ದೂಡಿಕೊಂಡು ಬಂದರು. ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ನಮ್ಮವರ ಕೈಗೆ ಕೊಟ್ಟು, "ನಮ್ಮನೀದು ತಂದೀನಿ" ಅಂದರು. ಬಿಚ್ಚಿದರೆ ಇಕ್ಕಳ. ನಮ್ಮವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಷ್ಟರಲ್ಲಿ ಮೇಷ್ಟ್ರು ಓಣಿಯ ಕಡೆ ನೋಡುತ್ತಾ, "ಲಗೂನ ಮಾಡಪ್ಪ. ನಮ್ಮ ಮನಿಯಾಗೂ ಹಾಲು ಒಲಿ ಮ್ಯಾಲೈತಿ" ಅಂದರು.

ಅಳತೆ

ಪಾನಾ ಹಿಡಿದು ಹಿಡಿದು ಇವರಿಗೆ ಒಂದು ಅಭ್ಯಾಸವಾಗಿತ್ತು. ಯಾವುದನ್ನೇ ಕಂಡರೂ ಇದಕ್ಕೆ ಎಷ್ಟನೇ ನಂಬರಿನ ಪಾನಾ ಎಂದು ಲೆಕ್ಕ ಹಾಕುವುದು. ನನ್ನ ಕುಬುಸದ, ಅಂದರೆ ಸೀಮಂತದ, ಹೊತ್ತಿಗೆ ಬಳೆಗಾರ್ತಿ ಮನೆಗೆ ಬಂದಳು. ಬಸುರಿನಲ್ಲಿ ಕೈ ತುಂಬಿಕೊಂಡು ಹಳೆಯ ಅಳತೆಯ ಬಳೆ ಏರುತ್ತಿರಲಿಲ್ಲ. "ಯಾವ ಅಳತಿ ಹಾಕಲೆವ್ವಾ?" ಎಂದು ಅವಳು ಕೇಳುತ್ತಿರುವಾಗ ಚಪ್ಪರದಿಂದ ಇವರು ಕತ್ತೆತ್ತಿ ನನ್ನ ಮುಂಗೈಯನ್ನೇ ನೋಡಿದರು. ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೇ ಇತ್ತು. ನಾನು ನಾಚಿ ಸೆರಗು ಎಳೆದುಕೊಂಡೆ.

"ಆ ಕೈಗೆ ಆಗೋ ಪಾನಾ ನಮ್ಮ ಹತ್ರ ಇಲ್ಲ" ಅಂದರು. "ಲಾರಿ ಗ್ಯಾರೇಜಿನಾಗ ಕೇಳಬೇಕು."

ಮಹಾನವಮಿ

ಸ್ವಂತ ಪಾನಾ ಬಂದ ಮೇಲೆ ಮೊದಲ ಮಹಾನವಮಿ. ಇವರು ಬೆಳಿಗ್ಗೆಯೇ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಹಲಗೆಯ ಮೇಲೆ ಜೋಡಿಸಿದರು. ಹಲಗೆ ದೊಡ್ಡದು, ಪಾನಾ ಕಡಿಮೆ. ಸಾಲು ತುಂಬಿದ ಹಾಗೆ ಕಾಣಲಿ ಎಂದು ಒಂದರಿಂದ ಒಂದಕ್ಕೆ ಅಂತರ ಬಿಟ್ಟು ಇಟ್ಟರು. ಅದನ್ನು ಕಂಡು ನಾನು ನಡುನಡುವೆ ಚೆಂಡುಹೂವು ಇಟ್ಟುಬಂದೆ. ಇವರು ಹೊಸ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತರು.

ಪೂಜೆಗೆ ಐನೋರು ತಮ್ಮ ಮೊಪೆಡ್ಡಿನ ಮೇಲೆ ಬಂದರು. ಪೇಟೆಯ ಎಷ್ಟೋ ಅಂಗಡಿಗಳ ಪೂಜೆ ಅವರದೇ. ಗಡಿಬಿಡಿಯಲ್ಲಿದ್ದರೂ ಮಂತ್ರ ನುಂಗಲಿಲ್ಲ. ಪ್ರತಿ ಪಾನಾಕ್ಕೂ ವಿಭೂತಿ, ಕುಂಕುಮ ಹಚ್ಚಿ, ಆರತಿ ಎತ್ತಿ, "ನಾಳಿ ಬನ್ನಿ ಮುಡಿಯೋತನಕ ಇವನ್ನ ಮುಟ್ಟಬಾರದು. ಗಿರಾಕಿ ಯಾರ ಬರಲಿ, ಮುಟ್ಟಬಾರದು" ಎಂದು ಖಡಕ್ಕಾಗಿ ಹೇಳಿ ಹೊರಟರು.

ಮೊಪೆಡ್ಡು ಹೊರಡಲಿಲ್ಲ. ತುಳಿದರು, ದೂಡಿದರು, ಇಳಿದು ಹತ್ತಿದರು. ಅದು ಕೆಮ್ಮಿ ಸುಮ್ಮನಾಯಿತು.

"ಪ್ಲಗ್ಗಿಗೆ ಕಾರ್ಬನ್ ಹಿಡದೈತ್ರಿ" ಅಂದರು ನಮ್ಮವರು, ಕೈಮುಗಿದು ನಿಂತಲ್ಲಿಂದಲೇ.

"ಬಿಚ್ಚು ಮತ್ತ."

"ಹೆಂಗ ಬಿಚ್ಚಲಿ ಐನೋರ? ಪ್ಲಗ್ ಪಾನಾ ಪೂಜಿಗೆ ಕುಂತೈತಿ."

ಐನೋರು ಹಲಗೆಯ ಕಡೆ ನೋಡಿದರು. "ಆ ಉದ್ದಂದಕ್ಕ ನಾ ಕುಂಕುಮ ಹಚ್ಚಿದ್ದು ನೆನಪಿಲ್ಲ."

"ಹಚ್ಚೀರಿ. ನಾ ನೋಡೀನಿ" ಅಂದರು ಅತ್ತೆ.

ಅತ್ತೆಗೆ ಶಾಸ್ತ್ರದ ಭಯ, ಐನೋರಿಗೆ ಕಾಯುತ್ತಿರುವ ಅಂಗಡಿಗಳ ಚಿಂತೆ. ನಮ್ಮವರಿಗಂತೂ ಮೊದಲ ಪೂಜೆಯ ದಿನವೇ ಪೂಜೆ ಮಾಡಿದವರನ್ನು ನಡೆಸಿ ಕಳಿಸುವ ಸಂಕಟ. ನನಗೆ ಒಂದು ಹೊಳೆಯಿತು. "ಅತ್ತಿ, ದೇವರನ್ನ ನಾವು ಮುಟ್ಟಂಗಿಲ್ಲ. ಐನೋರು ಮುಟ್ಟಬೌದಲ್ಲ?" ಅಂದೆ. ಅತ್ತೆ ಯೋಚಿಸಿ, ಆಗಬಹುದು ಅಂದರು.

ಐನೋರು ಶಲ್ಯ ತೆಗೆದಿಟ್ಟು, ಪಂಚೆ ಎತ್ತಿ ಕಟ್ಟಿ, ಪಾನಾಕ್ಕೆ ಕೈಮುಗಿದು ಎತ್ತಿಕೊಂಡರು. ನಮ್ಮವರು ಹೇಳಿಕೊಡುತ್ತಾ ಹೋದರು. "ಎಡಕ್ಕ ತಿರುವ್ರಿ."

"ಎಡಕ್ಕ ಬ್ಯಾಡಪ್ಪ. ಹುಟ್ಟಿದಾಗಿಂದ ಬಲಕ್ಕ ಸುತ್ತಿದವ ನಾನು."

"ಗುಡಿ ಬಲಕ್ಕ ಸುತ್ರಿ. ಪ್ಲಗ್ ಎಡಕ್ಕ."

ಪ್ಲಗ್ಗು ಬಂತು. ಐನೋರು ಮೊಣಕೈವರೆಗೆ ಕಪ್ಪಾಗಿ, ಕುಕ್ಕರಗಾಲಿನಲ್ಲಿ ಕೂತು, ಉಜ್ಜುಕಾಗದದಿಂದ ಅದನ್ನು ತಿಕ್ಕುತ್ತಿದ್ದರು. ಬೆವರಿಗೆ ಹಣೆಯ ವಿಭೂತಿಯೂ ಇಳಿದುಹೋಗಿತ್ತು. ಆ ಹೊತ್ತಿಗೆ ಸರಿಯಾಗಿ ಕೂಡ್ಲಿಗಿ ಕಡೆಯ ರೈತರೊಬ್ಬರು ಬೈಕು ದೂಡಿಕೊಂಡು ಬಂದರು. ಬಿಳಿ ಪಂಚೆ, ವಿಭೂತಿಯಲ್ಲಿ ಕೈಮುಗಿದು ನಿಂತ ನಮ್ಮವರನ್ನು ಕಂಡು ಚಪ್ಪಲಿ ಬಿಟ್ಟು, "ಶರಣ್ರಿ ಐನೋರ" ಎಂದು ಬಗ್ಗಿದರು. ಆಮೇಲೆ ಕೆಳಗೆ ಕೂತವರಿಗೆ, "ಮೇಸ್ತ್ರಿ, ಅದು ಮುಗಿಸಿ ನಂದೂ ಒಂದು ಬ್ರೇಕ್ ನೋಡಪ್ಪ" ಅಂದರು.

ಅತ್ತೆ ಬಾಯಿಗೆ ಸೆರಗು ಹಿಡಿದರು. ನಮ್ಮವರು ಬೆವರಿದರು. ಐನೋರು ಮಾತ್ರ ತಲೆ ಎತ್ತದೆ, ಪ್ಲಗ್ಗಿಗೆ ಉಫ್ ಎಂದು ಊದಿ, ಪಾನಾದಿಂದಲೇ ನಮ್ಮವರನ್ನು ತೋರಿಸಿದರು.

"ನಾ ಹೊಸಬ ಅದೀನಪ್ಪ. ಆ ಐನೋರು ಮಂತ್ರ ಹೇಳಿಕೊಟ್ರ ಮಾಡ್ತೀನಿ, ಅವರನ್ನ ಕೇಳು."