ವಿ.ಟಿ. ಎದುರಿನ ಹೋಟೆಲು, ಕಲ್ಯಾಣದ ಫಾಸ್ಟು

ಹೋಟೆಲ್ ಆರಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾವು ಮುಂಬಯಿಯಿಂದ ಲೋಕಲ್ ಟ್ರೇನಿನಲ್ಲಿ ಗಂಟೆಗೂ ಮೀರಿದ ದೂರದ ಡೊಂಬಿವಲಿಯವರು. ನಮ್ಮದು ಒಂದೇ ಅಳತೆಗೋಲು: ಸ್ಟೇಷನ್ನಿನಿಂದ ಎಷ್ಟು ದೂರ? ಮನೆ, ಶಾಲೆ, ಡಾಕ್ಟರು, ಹೆಣ್ಣು ಕೊಡುವ ಮನೆತನ, ಎಲ್ಲವನ್ನೂ ಇದರಲ್ಲೇ ಅಳೆಯುತ್ತೇವೆ. ಹಾಗಾಗಿ ನನ್ನ ಹೆಂಡತಿ ಸುಧಾ, "ರೀ, ಒಂದೇ ಒಂದು ಸಂಜೆ ಸಮುದ್ರ ನೋಡ್ತಾ ನೆಮ್ಮದಿಯಾಗಿ ಟೀ ಕುಡೀಬೇಕು" ಎಂದಾಗ, ಮುಂಬಯಿಯ ವಿ.ಟಿ. ಸ್ಟೇಷನ್ನಿನಿಂದ ರಸ್ತೆ ದಾಟಿದರೆ ಸಿಗುವ ಹೋಟೆಲಿನಲ್ಲಿ ರೂಮು ಹಿಡಿದೆ. ಮೇಲಿನ ಮಹಡಿ. ಕಿಟಕಿ ತೆಗೆದರೆ ಬಂದರು, ಹಡಗು ಎಲ್ಲ ಕಾಣುತ್ತದೆ!

ಅವಳ ಆಸೆಗೆ ಕಾರಣವಿತ್ತು. ಮದುವೆಯಾದಾಗಿನಿಂದ ಎಷ್ಟು ಸಲ ಸಮುದ್ರ ತೋರಿಸಿದ್ದೇನೋ ಅಷ್ಟೂ ಸಲ, ಅವಳು ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ "ಏಳು ಏಳು, ಫಾಸ್ಟ್ ಲೋಕಲ್ ತಪ್ಪಿಹೋಗುತ್ತೆ" ಎಂದು ಎಬ್ಬಿಸಿದ್ದೇನೆ. ಈ ಸಲ ಟ್ರೇನಿನ ಹಂಗೇ ಇಲ್ಲ. "ರಾತ್ರಿಯೂ ಇಲ್ಲೇ. ನೀನು ಹಡಗು ಎಣಿಸುತ್ತಾ ಕೂರು" ಎಂದು ಭರವಸೆ ಕೊಟ್ಟೆ.

ಅವಳು ಕಿಟಕಿಯ ಮುಂದೆ ಎರಡು ಕುರ್ಚಿ ಎಳೆದಳು.

"ಟೀ ಈಗ ಬರುತ್ತೆ ರೀ. ಜೊತೆಗೆ ಬಿಸಿ ವಡಾಪಾವ್ ಇದ್ದಿದ್ರೆ..."

"ಹೀಗೆ ಹೋಗಿ ಹಾಗೆ ಬಂದೆ!"

ಸ್ಟೇಷನ್ನಿನ ಒಳಗಿನ ಅಂಗಡಿಯಲ್ಲಿ ವಡಾಪಾವ್ ಕಟ್ಟಿಸಿಕೊಂಡು ತಿರುಗಿದೆ. ಎದುರಿನ ಪ್ಲಾಟ್‌ಫಾರ್ಮಿಗೆ ಲೋಕಲ್ ಒಂದು ಬರುತ್ತಿತ್ತು. ಖಾಲಿ! ಬೋರ್ಡಿನ ಮೇಲೆ ಕಲ್ಯಾಣ, ಫಾಸ್ಟ್! ದಿನಾ ಆಫೀಸು ಬಿಟ್ಟು ಡೊಂಬಿವಲಿಗೆ ನಾನು ಹಿಡಿಯುವ ಗಾಡಿಯೇ!

ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ನನ್ನ ಕಾಲುಗಳನ್ನು ಕೇಳಿ! ಗಾಡಿ ನಿಲ್ಲುವ ಮೊದಲೇ ಹಾರಿದೆ, ಯಾರನ್ನೋ ಮೊಣಕೈಯಲ್ಲಿ ಸರಿಸಿದೆ, ಕಿಟಕಿ ಸೀಟಿನಲ್ಲಿ ಕೂತೆ. ಪಕ್ಕದ ಸೀಟಿನ ಮೇಲೆ ವಡಾಪಾವ್ ಪೊಟ್ಟಣ ಇಟ್ಟು ನಮ್ಮ ಶೆಟ್ಟರಿಗೆ ಜಾಗವನ್ನೂ ಹಿಡಿದೆ. ದಿನಾ ಒಟ್ಟಿಗೆ ಪ್ರಯಾಣ ಮಾಡುವವರು ಒಬ್ಬರಿಗೊಬ್ಬರು ಸೀಟು ಹಿಡಿಯದಿದ್ದರೆ ಅದು ಮಹಾಪಾಪ.

ಗಾಡಿ ಹೊರಟಿತು. ಜನರನ್ನು ಸೀಳಿಕೊಂಡು ಬಂದ ಶೆಟ್ಟರು ಪೊಟ್ಟಣದ ಮೇಲೇ ಧೊಪ್ಪನೆ ಕೂತರು. ಬೆವರೊರೆಸಿಕೊಂಡು ನನ್ನನ್ನು ನೋಡಿ ಹೌಹಾರಿದರು.

"ಎಂತ ಮಾರಾಯ್ರೆ, ನಿಮಗೆ ಇವತ್ತು ರಜೆ ಅಲ್ವಾ? ಹೆಂಡ್ತಿಯೊಟ್ಟಿಗೆ ಹೋಟೆಲಿಗೆ ಹೋಗ್ತೇನೆ ಅಂದಿದ್ರಿ!"

ಆಗ ನೆನಪಾಯಿತು: ಸುಧಾ! ದಾದರಿನಲ್ಲಿ ಇಳಿಯೋಣವೆಂದು ಎದ್ದೆ ಕೂಡ. ಆದರೆ ನಾನು ಅರ್ಧ ಏಳುತ್ತಿದ್ದಂತೆ ಮೂವರು ನನ್ನ ಸೀಟಿನತ್ತ ನುಗ್ಗಿದರು. ಕಿಟಕಿ ಸೀಟು! ವರ್ಷಗಟ್ಟಲೆ ಬಾಗಿಲಲ್ಲಿ ಜೋತಾಡಿದವನು ಅದನ್ನು ಬಿಟ್ಟುಕೊಡುವುದುಂಟೆ? ವಿನಾಶಕಾಲೇ ವಿಪರೀತ ಬುದ್ಧಿ. ಮತ್ತೆ ಕೂತೆ.

ಫೋನು ಬಂತು. ಸುಧಾ.

"ಟೀ ಬಂತು ರೀ. ಎಲ್ಲಿದ್ದೀರಿ?"

"ಸ್ವಲ್ಪ ದೂರ ಬಂದುಬಿಟ್ಟೆ."

"ಎಷ್ಟು ದೂರ?"

"ಕುರ್ಲಾ."

ಅವಳು ಡೊಂಬಿವಲಿಯ ಯಾವ ಗೃಹಿಣಿಯಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಸೀಟು ಸಿಕ್ತಾ?"

"ಕಿಟಕಿಯದ್ದೇ!" ಎಂದೆ, ಹೆಮ್ಮೆಯಿಂದ. ಹೇಳಿದ ಮೇಲೆ ನಾಚಿಕೆಯಾಯಿತು. "ತಪ್ಪಾಯ್ತು ಸುಧಾ. ಥಾಣೆಯಲ್ಲಿ ಇಳಿದು ಓಡಿ ಬರ್ತೀನಿ."

"ಓಡೋದೇನೂ ಬೇಡ" ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಹಡಗುಗಳ ದೀಪ ಒಂದೊಂದೇ ಹತ್ಕೋತಾ ಇದೆ. ನನ್ನ ಟೀ ಆಯ್ತು, ಈಗ ನಿಮ್ಮದನ್ನೂ ಕುಡೀತಿದೀನಿ. ಏಳು ಏಳು ಅನ್ನೋರು ಯಾರೂ ಇಲ್ಲ, ಎಷ್ಟು ಚೆನ್ನಾಗಿದೆ ಗೊತ್ತಾ! ನೀವು ಸ್ಲೋ ಲೋಕಲ್ಲಿನಲ್ಲೇ ಬನ್ನಿ."

ಅಪ್ಪಣೆಯಂತೆ ಥಾಣೆಯಲ್ಲಿ ಇಳಿದು ಸ್ಲೋ ಹತ್ತಿದೆ. ಸಂಜೆ ಹೊತ್ತು ಮುಂಬಯಿ ಕಡೆಗೆ ಹೋಗುವವರು ಯಾರು? ಡಬ್ಬಿಯ ಕಿಟಕಿಗಳೆಲ್ಲ ಖಾಲಿ, ಪೈಪೋಟಿಗೆ ಒಂದು ನರಪಿಳ್ಳೆಯೂ ಇಲ್ಲ! ಯಾರಿಗೂ ಬೇಡದ ಸೀಟಿನಲ್ಲಿ, ಸದ್ಯಕ್ಕೆ ಯಾರಿಗೂ ಬೇಡವಾದ ನಾನು ಕೂತು, ಶೆಟ್ಟರು ಚಪ್ಪಟೆ ಮಾಡಿಕೊಟ್ಟ ವಡಾಪಾವ್ ತಿಂದೆ.